ಕಡ್ಡಿಗೆ ಹತ್ತದ ಥ್ರೆಡ್

ಸಾಗರದಲ್ಲಿ ಸೋದರಮಾವನ ಸೈಕಲ್ ಶಾಪು ಮನೆಯ ಮುಂದಿನ ಕೋಣೆಯಲ್ಲೇ ಇದೆ. ಆ ಮನೆಯಲ್ಲಿದ್ದುಕೊಂಡೇ ನಾನು ಡಿಗ್ರಿ ಓದಿದ್ದು. ಪಂಕ್ಚರ್ ನೋಡುವ ನೀರಿನ ಬಾಣಲೆಯಲ್ಲಿ ಟ್ಯೂಬು ಬುಳುಬುಳು ಅನ್ನುವುದನ್ನು ಕೇಳುತ್ತ ಓದುವುದು ರೂಢಿಯಾಗಿತ್ತು.

ಕಳೆದ ಬೇಸಿಗೆಯಲ್ಲಿ ಅಮ್ಮನ ಸೈಕಲ್ಲನ್ನು ಅಲ್ಲಿಗೆ ಒಯ್ದೆ. ಹೊಸನಗರದಲ್ಲಿ ಅಮ್ಮ ಪಾಠ ಮಾಡಲು ಹೋಗುತ್ತಿದ್ದದ್ದು ಅದರಲ್ಲೇ. ಅವಳು ಇಲ್ಲವಾದ ಮೇಲೆ ಅದು ಗೋಡೆಗೆ ಒರಗಿಯೇ ಇತ್ತು. ಹಿಂದಿನ ಚಕ್ರದ ಕಡ್ಡಿಗಳು ತುಕ್ಕು ಹಿಡಿದು ಮುರಿದಿದ್ದವು. ಆ ಅಳತೆಯವು ಸಾಗರದಲ್ಲೂ ಸಿಗಲಿಲ್ಲ, ತೀರ್ಥಹಳ್ಳಿಯಲ್ಲೂ ಸಿಗಲಿಲ್ಲ. ಉದ್ದದ ಕಡ್ಡಿ ತಂದು ಕತ್ತರಿಸಿ, ತುದಿಗೆ ಹೊಸದಾಗಿ ಥ್ರೆಡ್, ಅಂದರೆ ತಿರುಪಿನ ಗೆರೆ, ಹೊಡೆಯಬೇಕಿತ್ತು.

ಅದಕ್ಕೆ ಮಾವನ ಹತ್ತಿರ ಕೈಯಿಂದ ತಿರುಗಿಸುವ ಮಷಿನ್ ಇತ್ತು. ಕಡ್ಡಿಯನ್ನು ಎರಡು ದವಡೆಗಳ ನಡುವೆ ಬಿಗಿದು ಹಿಡಿ ತಿರುಗಿಸಿದರೆ ಪುಟ್ಟ ರೋಲರುಗಳು ತುದಿಯನ್ನು ಒತ್ತಿ ಥ್ರೆಡ್ ಮೂಡಿಸುತ್ತವೆ. ಸಾಮಾನ್ಯ ಅಳತೆಯ ಕಡ್ಡಿಗಳು ಸಿದ್ಧವಾಗಿಯೇ ಅಂಗಡಿಗೆ ಬರತೊಡಗಿದ ಮೇಲೆ ಮಾವ ಅದನ್ನು ಮುಟ್ಟಿರಲಿಲ್ಲ.

ಅವತ್ತು ಥ್ರೆಡ್ ಸರಿಯಾಗಿ ಮೂಡಲೇ ಇಲ್ಲ. ತುದಿಯಲ್ಲಿ ಗೀರಿದಂತೆ ಏನೋ ಕಾಣುತ್ತಿತ್ತು. ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ಪುಟ್ಟ ನಟ್ಟು, ನಿಪ್ಪಲ್, ಹಾಕಿ ಎಳೆದರೆ ಅದು ಜಾರಿ ಕೈಗೇ ಬರುತ್ತಿತ್ತು.

"ರೋಲರ್ ಸವೆದು ಹೋಗಿದೆ. ಇನ್ನಿದು ಗುಜರಿಗೆ," ಅಂದ ಮಾವ.

"ಸೈಕಲ್ಲು?"

ಮಾವ ಹಿಂದಿನ ಚಕ್ರವನ್ನೊಮ್ಮೆ ಬೆರಳಿನಿಂದ ತಿರುಗಿಸಿದ. ತಂಗಿಗೆ ಆ ಚಕ್ರ ಕಟ್ಟಿಕೊಟ್ಟವನು ಅವನೇ.

"ಗುಜರಿಯವ್ನು ಬಂದ್ರೆ ಹೇಳಿ, ನಿಮ್ಮನ್ನೂ ತೂಕಕ್ಕೆ ಹಾಕ್ತೀನಿ," ಒಳಗಿನಿಂದ ಅತ್ತೆ ಕೂಗಿದಳು.

ಹಿಡಿ ತಿರುಗುವಾಗ ಕಡ್ಡಿ ಅಲುಗಿದಂತೆ ನನಗೆ ಅನಿಸಿತ್ತು. ಅದು ದವಡೆ ಸೇರುವ ಜಾಗದಲ್ಲಿ ಪೆನ್ನಿನಿಂದ ಒಂದು ಗೆರೆ ಎಳೆದು, ಇನ್ನೊಮ್ಮೆ ತಿರುಗಿಸಲು ಮಾವನಿಗೆ ಹೇಳಿದೆ. ಮೇಲಿದ್ದ ಗೆರೆ ಪಕ್ಕಕ್ಕೆ ಸರಿಯಿತು, ಆಮೇಲೆ ಕಾಣದಾಯಿತು. ರೋಲರಿನ ಜೊತೆ ಕಡ್ಡಿಯೂ ತಿರುಗುತ್ತಿತ್ತು. ದವಡೆಯೇ ಹಿಡಿಯುತ್ತಿರಲಿಲ್ಲ.

ಮಾವ ದವಡೆಯೊಳಗೆ ಬೆರಳಾಡಿಸಿ ಮೂಗಿನ ಹತ್ತಿರ ತಂದ. "ತೆಂಗಿನೆಣ್ಣೆ! ಇಲ್ಲಿ ಬಾ ಮಾರಾಯ್ತಿ!"

ಮಳೆಗಾಲಕ್ಕೆ ಮುಂಚೆ ಮನೆಯ ಕತ್ತಿ, ಮೆಟ್ಟುಗತ್ತಿ, ಅಡಕತ್ತರಿಗೆಲ್ಲ ತುಕ್ಕು ಹಿಡಿಯದಂತೆ ಎಣ್ಣೆ ಸವರಿಡುವುದು ನಮ್ಮ ಕಡೆಯ ಪದ್ಧತಿ. ಮಾವ ಮರೆತಿದ್ದ ಮಷಿನ್ನಿಗೂ ಅತ್ತೆ ಪ್ರತಿ ವರ್ಷ ಸವರಿದ್ದಳು, ದವಡೆಯ ಹಲ್ಲಿನ ಸಂದಿಯನ್ನೂ ಬಿಡದೆ.

"ನೀವಂತೂ ತಿರುಗಿ ನೋಡ್ಲಿಲ್ಲ. ತುಕ್ಕು ಹಿಡೀಲಿ ಅಂತ ಬಿಡ್ಬೇಕಿತ್ತಾ?"

"ಎಣ್ಣೆ ಹಚ್ಚಿದ್ಮೇಲೆ ಸ್ನಾನನೂ ಮಾಡಿಸ್ಬೇಕಿತ್ತು. ಅರ್ಧಕ್ಕೇ ಬಿಟ್ಯಲ್ಲ!"

ಸ್ನಾನ ನಾವು ಮಾಡಿಸಿದೆವು. ಪೆಟ್ರೋಲಿನಲ್ಲಿ ಹಲ್ಲುಗಳನ್ನು ತಿಕ್ಕಿ, ಬಟ್ಟೆಯಲ್ಲಿ ಒರೆಸಿ, ಹೊಸ ಕಡ್ಡಿ ಬಿಗಿದೆವು. ಈ ಸಲ ಗೆರೆ ಕದಲಲಿಲ್ಲ. ನಿಪ್ಪಲ್ ಕಚ್ಚಿಕೊಂಡಿತು. ಮಾವ ಎಳೆದು ನೋಡಿದ. ಆಮೇಲೆ ನನ್ನ ಕೈಗೆ ಕೊಟ್ಟ. ನಾನೂ ಎಳೆದು ನೋಡಿದೆ.

ಸಂಜೆ ಹೊತ್ತಿಗೆ ಚಕ್ರ ಓಲಾಡದೆ ತಿರುಗತೊಡಗಿತು. ಸೀಟು ಮಾತ್ರ ಅಮ್ಮನ ಎತ್ತರಕ್ಕೇ ಇತ್ತು. ಮಾವ ಸ್ಪ್ಯಾನರ್ ಹಿಡಿದು ಬಂದ.

"ಏರಿಸ್ಲಾ ಕೂಸೇ?"

"ಬೇಡ ಮಾವ."

ಮೊಣಕಾಲು ಮಡಚಿಕೊಂಡೇ ಕೆರೆಯ ತನಕ ಹೋಗಿ ಬಂದೆ.