ಬೇಡುವ ಮಾತನ್ನು ಟೈಪ್ ಮಾಡದ ಖಾದರಸಾಬರು

ಖಾದರಸಾಬರ ಟೈಪ್‌ರೈಟರಿನಲ್ಲಿ ಅಕ್ಷರಗಳೆಲ್ಲ ಸರಿಯಾಗಿಯೇ ಇದ್ದವು. ಆದರೂ ನಲವತ್ತು ವರ್ಷಗಳಲ್ಲಿ ಆ ಮಷಿನ್ನಿನಿಂದ ‘ಬೆಗ್’ ಎಂಬ ಶಬ್ದ ಒಮ್ಮೆಯೂ ಹೊರಬೀಳಲಿಲ್ಲ. ಗಿರಾಕಿ ಎಷ್ಟು ಅತ್ತರೂ ಅಷ್ಟೇ. “ಬೇಡೋದಿದ್ರ ದೇವರ ಹತ್ರ ಬೇಡ್ರಿ. ಅಲ್ಲಿಗೆ ಟೈಪಿಂಗ್ ಬೇಕಾಗಂಗಿಲ್ಲ,” ಎನ್ನುತ್ತಿದ್ದರು. ಅಂಥ ಮನುಷ್ಯನನ್ನು ಕುಳಿತ ಜಾಗದಿಂದ ಎಬ್ಬಿಸಿದರಲ್ಲ, ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಜಾಗ ಎಂದರೆ ಏನು ಮಹಾ? ಸವಣೂರಿನಲ್ಲಿ ಶಿವನಗೌಡರ ಅಂಗಡಿಗಳ ಮುಂದಿನ ಕಟ್ಟೆ, ಅದರ ಮೇಲೊಂದು ಕಾಲು ಕುಂಟುವ ಮೇಜು, ಗಿರಾಕಿಗೊಂದು ಸ್ಟೂಲು. ಕನ್ನಡದ ಅರ್ಜಿ ಬರೆಯುವವರು ಊರಲ್ಲಿ ಬೇಕಾದಷ್ಟಿದ್ದರು. ಇಂಗ್ಲಿಷ್ ಕಾಗದಕ್ಕೆ ಮಾತ್ರ ಹಾನಗಲ್ಲಿನಿಂದ, ಹಿರೇಕೆರೂರು ಕಡೆಯ ಮಾಸೂರಿನಿಂದಲೂ ಜನ ಇವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಬಂದವರನ್ನು ಅವರು ಮೊದಲು ಸ್ಟೂಲಿನ ಮೇಲೆ ಕೂರಿಸಿ ಒಂದೇ ಪ್ರಶ್ನೆ ಹಾಕುತ್ತಿದ್ದರು: “ನೀವು ಕೇಳೋದು ನಿಮ್ದೋ, ಅವರ್ದೋ?” ಅವರದಾದರೆ ರಿಕ್ವೆಸ್ಟ್. ನಿಮ್ಮದೇ ಆದರೆ ಕ್ಲೇಮ್. ಕೊಡುತ್ತೇವೆಂದು ಹೇಳಿ ಸತಾಯಿಸುತ್ತಿದ್ದರೆ ಡಿಮಾಂಡ್. ಬರೀ ಸುದ್ದಿ ತಿಳಿಯಬೇಕಿದ್ದರೆ ಎನ್‌ಕ್ವಾಯರ್. ಇದು ಗೊತ್ತಾಗುವವರೆಗೆ ಕಾಗದ ಮಷಿನ್ನಿಗೆ ಏರುತ್ತಿರಲಿಲ್ಲ.

ಅವರು ಓದಿದ್ದು ಎಸ್ಸೆಸ್ಸೆಲ್ಸಿಯವರೆಗೆ. ಹಳೆಯ ಕ್ಯಾಲೆಂಡರ್ ಹಾಳೆಗಳನ್ನು ಹೊಲಿದು ಮಾಡಿದ ಒಂದು ಪುಸ್ತಕವಿತ್ತು. ಅದರಲ್ಲಿ ‘ಆಸ್ಕ್’ ಎಂಬ ಒಂದು ಶಬ್ದಕ್ಕೇ ಎರಡು ಪುಟ. “ಆಸ್ಕ್ ಅಂದ್ರ ಗೋಣಿಚೀಲ ಇದ್ದಂಗ್ರಿ ಅಕ್ಕೋರ. ಎಲ್ಲಾ ತುಂಬತೈತಿ, ಒಳಗ ಏನೈತಿ ಅಂತ ಕಾಣಂಗಿಲ್ಲ,” ಎಂದು ನನಗೇ ಪಾಠ ಹೇಳಿದ್ದರು. ಊರಿನ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವಳು ನಾನು.

ನಮ್ಮ ಮೊದಲ ಜಗಳ ಆದದ್ದೂ ಈ ಶಬ್ದಗಳ ಮೇಲೆಯೇ. ನಮ್ಮ ಓಣಿಯ ಜುಬೇದಾಳ ಮಗ ಗಲ್ಫಿನಲ್ಲಿ ಡ್ರೈವರ್ ಆಗಿದ್ದ. ಅವನ ಪಾಸ್‌ಪೋರ್ಟನ್ನು ಮಾಲೀಕ ಕಪಾಟಿನಲ್ಲಿಟ್ಟು ಬೀಗ ಹಾಕಿಕೊಂಡಿದ್ದ. ಜುಬೇದಾ ಪರವಾಗಿ ನಾನು ಆ ಮಾಲೀಕನಿಗೆ ಎರಡು ಬ್ಯೂಟಿಫುಲ್ ಲೆಟರ್ ಬರೆದೆ. ಉತ್ತರವಿಲ್ಲ. ಮೂರನೆಯದನ್ನು ಟೈಪ್ ಮಾಡಿಸಿದರೆ ತೂಕ ಬಂದೀತೆಂದು ಖಾದರಸಾಬರ ಕೈಗಿತ್ತೆ. ಓದಿದರು, ಕನ್ನಡಕ ತೆಗೆದರು.

“ಅಕ್ಕೋರ, ಪಾಸ್‌ಪೋರ್ಟ್ ಯಾರ್ದು?”

“ಜುಬೇದಾನ ಮಗಂದು.”

“ತನ್ನದು ತಾ ಕೇಳಾಕ ‘ಹಂಬ್ಲಿ ಬೆಗ್’ ಯಾಕ್ರಿ? ಕಳುವಾದ ಎಮ್ಮಿ ಬಿಡಿಸ್ಕೊಂಡು ಬರಾಕ ಹೋದವ ಕಳ್ಳನ ಕಾಲಿಗೆ ಬೀಳತಾನೇನು?”

“ಅದು ಪೊಲೈಟ್ ಇಂಗ್ಲಿಷ್, ಖಾದರಸಾಬ್ರ. ಕಾನ್ವೆಂಟಿನ್ಯಾಗ ಸಿಸ್ಟರ್ಸ್ ನಮಗ ಹಂಗ ಕಲಿಸ್ಯಾರ.”

“ಸಿಸ್ಟರ್ಸ್ ಪಾಸ್‌ಪೋರ್ಟ್ ಯಾರೂ ಇಟ್ಕೊಂಡಿರ್ಲಿಲ್ಲ ಬಿಡ್ರಿ.”

ನನಗೆ ಕೆನ್ನೆಗೆ ಹೊಡೆದಂತಾಯಿತು. ಅವರು ನನ್ನ ಒಂದೂವರೆ ಪುಟವನ್ನು ನಾಲ್ಕು ಸಾಲಿಗೆ ಇಳಿಸಿದರು. ಮೂರನೆಯ ಸಾಲಿನಲ್ಲಿ ‘ಡಿಮಾಂಡ್’ ಇತ್ತು. ಕೆಳಗೆ, ಇದರ ಪ್ರತಿ ಭಾರತದ ರಾಯಭಾರಿ ಕಚೇರಿಗೆ ಎಂದಿತ್ತು. ಎರಡು ತಿಂಗಳಿಗೆ ಹುಡುಗ ಪಾಸ್‌ಪೋರ್ಟ್ ಸಮೇತ ಮನೆಗೆ ಬಂದ. ಆ ಶಬ್ದ ಕೆಲಸ ಮಾಡಿತೋ, ರಾಯಭಾರಿ ಕಚೇರಿಯ ಪ್ರತಿ ಕೆಲಸ ಮಾಡಿತೋ, ನಾನರಿಯೆ. ಆದರೆ ಅಂದಿನಿಂದ ನನ್ನ ಯಾವ ಕಾಗದದಲ್ಲೂ ‘ಹಂಬ್ಲಿ’ ಇಲ್ಲ.

ಶಿವನಗೌಡರು ತೀರಿಕೊಂಡ ಮೇಲೆ ಅಂಗಡಿಗಳು ಮೊಮ್ಮಗ ವಿನಯನ ಕೈಗೆ ಬಂದವು. ಈ ವಿನಯ ನನ್ನ ಕ್ಲಾಸಿನಲ್ಲೇ ಕೂತು ಇಂಗ್ಲಿಷ್ ಕಲಿತವನು. ಮೊಬೈಲ್ ಶೋರೂಮ್ ಮಾಡುತ್ತೇನೆ, ಫ್ರಂಟ್ ಕ್ಲೀನ್ ಆಗಬೇಕು, ತಿಂಗಳೊಳಗೆ ಮೇಜು ತೆಗೆಯಬೇಕು ಎಂದು ಹೇಳಿಕಳಿಸಿದ. ನಾನು ಕುದಿಯುತ್ತ ಕಟ್ಟೆಗೆ ಹೋದೆ.

“ಡಿಮಾಂಡ್ ಬರೀರಿ,” ಎಂದೆ.

“ಹೆಂಗ ಬರೀಲ್ರಿ? ಜಾಗಾ ಅವರ್ದು.”

“ನೀವೇನು ನೀವಾಗೇ ಬಂದು ಕುಂತ್ರೇನು? ಅವರಜ್ಜನೇ, ಬಂದು ಕೂಡ್ರು ಅಂತ ಕರದಿದ್ರು. ನಿಮ್ಮ ಪುಸ್ತಕದಾಗ ಐತಿ, ಆಸ್ಕ್ ಅಂದ್ರ ಇನ್‌ವೈಟ್ ಅಂತ. ಕರದು ಕೂಡ್ರಿಸಿದವ್ರನ್ನ ಎಬ್ಬಸ್ತಾರೇನು?”

ಅವರು ನಕ್ಕರು. “ಪಾಯಿಂಟ್ ಚಲೋ ತಗದ್ರಿ. ಆದ್ರ ಕರದವ್ರು ಹೋದ್ರಲ್ಲ.”

ನಲವತ್ತು ವರ್ಷ ಊರಿಗೆಲ್ಲ ಹಾಕಿದ ಪ್ರಶ್ನೆಯನ್ನು ತಮಗೂ ಹಾಕಿಕೊಂಡು, ಬಂದ ಉತ್ತರಕ್ಕೆ ತಲೆಬಾಗಿದರು. ರಿಕ್ವೆಸ್ಟ್ ಎಂದೇ ಟೈಪ್ ಮಾಡಿದರು. ಮಳೆಗಾಲ ಮುಗಿಯುವವರೆಗೆ ಕೂರಲು ಬಿಡಿ, ಆಮೇಲೆ ನಾನೇ ಎದ್ದು ಹೋಗುತ್ತೇನೆ. ಇಷ್ಟೇ. ಒಂದು ಕಾಮಾ ತಪ್ಪಿತೆಂದು ಹಾಳೆ ಹರಿದು ಮತ್ತೆ ಟೈಪ್ ಮಾಡಿದರು. ವಿನಯನ ಕೈಗೆ ನಾನೇ ಒಯ್ದು ಕೊಟ್ಟೆ. ಸಂಜೆ ನನ್ನ ಫೋನಿಗೆ ಅವನ ಉತ್ತರ ಬಂತು: ‘ನೋಟೆಡ್ ಮಿಸ್.’

ನೋಟೆಡ್! ಹೌದು ಎನ್ನುವ ಧೈರ್ಯವಿಲ್ಲ, ಇಲ್ಲ ಎನ್ನುವ ಮರ್ಯಾದೆಯಿಲ್ಲ. ಇಂಥ ಇಂಗ್ಲಿಷನ್ನು ನಾನು ಕಲಿಸಿದೆನೇ? ಎಂಟು ದಿನ ಕಳೆದಿರಲಿಲ್ಲ, ಅವನೇ ಕೊಟ್ಟ ತಿಂಗಳ ಗಡುವೂ ಮುಗಿದಿರಲಿಲ್ಲ, ಜಿಟಿಜಿಟಿ ಮಳೆಯಲ್ಲಿ ಮೇಜು, ಸ್ಟೂಲು ಎರಡೂ ರಸ್ತೆಯ ಮೇಲೆ ನಿಂತಿದ್ದವು. ಖಾದರಸಾಬರು ತಮ್ಮ ಛತ್ರಿಯನ್ನು ಮಷಿನ್ನಿಗೆ ಹಿಡಿದು ತಾವು ತೋಯ್ಸಿಕೊಳ್ಳುತ್ತಿದ್ದರು. ಆಚೀಚೆಯ ಅಂಗಡಿಯವರು ಒಬ್ಬರೂ ತುಟಿ ಬಿಚ್ಚಲಿಲ್ಲ. ಅವರಲ್ಲಿ ಅರ್ಧಕ್ಕರ್ಧ ಜನರ ಕಾಗದ ಟೈಪ್ ಮಾಡಿದ ಕೈ ಅದು.

ಆಮೇಲೆ ಅವರು ಶಿಗ್ಗಾವಿಯಲ್ಲಿ ಮಗಳ ಮನೆ ಸೇರಿದರು. ಹೋದ ವರ್ಷ ನೋಡಲು ಹೋಗಿದ್ದೆ. ಸೊರಗಿದ್ದರು, ಆದರೆ ದೂರು ಹೇಳಲಿಲ್ಲ. ಮಗಳು ಕೊಟ್ಟ ಚಹಾ ಮುಗಿಸಿ ನಾನು ಏಳುವಾಗ ಬಾಗಿಲವರೆಗೆ ಬಂದರು.

“ಊರಾಗ ಎಲ್ಲಾರನ್ನೂ ಕೇಳೀನಂತ ಹೇಳ್ರಿ ಅಕ್ಕೋರ. ವಿನಯನ್ನೂ.”

“ಅವನನ್ನ ಯಾಕ?”

“ಅವರಜ್ಜ ನನಗ ನೆರಳು ಕೊಟ್ಟ ಮನಷ್ಯಾರೀ.”

ತಿಂಗಳು ತುಂಬುವಷ್ಟರಲ್ಲಿ ಅವರು ಹೋದ ಸುದ್ದಿ ಬಂತು. ಜುಬೇದಾಗೆ ಹೇಳಿದೆ, ಓಣಿಯವರಿಗೆ ಹೇಳಿದೆ, ಬಾಯಿ ಬಿಚ್ಚದ ಆ ಅಂಗಡಿಯವರಿಗೂ ಒಬ್ಬೊಬ್ಬರಿಗೆ ಹೇಳಿದೆ, ಖಾದರಸಾಬರು ನಿಮ್ಮನ್ನು ಕೇಳಿದ್ದರು ಎಂದು. ವಿನಯ ಮೊನ್ನೆ ಒಂದು ಮದುವೆಯಲ್ಲಿ ಎದುರಾದ. “ಹೌ ಆರ್ ಯೂ ಮಿಸ್?” ಎಂದು ಕಾಲು ಮುಟ್ಟಲು ಬಾಗಿದ. ನಾನು ಪರ್ಸ್ ಎತ್ತಿಕೊಂಡು ಪಕ್ಕದ ಸಾಲಿಗೆ ಹೋಗಿ ಕೂತೆ. ಅವನಿಗೆ ಮುಟ್ಟಿಸಬೇಕಾದ ಮಾತು ನನ್ನ ಹತ್ತಿರವೇ ಉಳಿದಿದೆ. ಖಾದರಸಾಬರಷ್ಟು ದೊಡ್ಡ ಮನಸ್ಸು ನನ್ನದಲ್ಲ.