ಜನಾಬಾಯಿಯ ಅರ್ಧ ಚಹಾ

ಚಿಕ್ಕೋಡಿಯ ಸಭಾಭವನದ ಹಿತ್ತಲಲ್ಲಿ ಇನ್ನೂ ನಸುಗತ್ತಲು. ಜನಾಬಾಯಿ ಕಾಂಬಳೆ ಬುಟ್ಟಿಯಿಂದ ಒಂದೊಂದೇ ಬಶಿ ತೆಗೆದು, ಆಕಾಶಕ್ಕೆ ಹಿಡಿದು ನೋಡಿ, ಒಗೆದಿಟ್ಟ ಬಿಳಿ ಬಟ್ಟೆಯಿಂದ ಒರೆಸುತ್ತಾರೆ. ಸಾಸರ್‌ಗೆ ಈ ಕಡೆ ಬಶಿ ಅನ್ನುತ್ತಾರೆ. ಕಪ್ಪು ನಲವತ್ತು, ಬಶಿ ನಲವತ್ತು. ಬರುವವರು ಎಂಬತ್ತು ಮಂದಿ. ಹನ್ನೊಂದು ವರ್ಷದಿಂದ ಅವರ ಲೆಕ್ಕ ಇದೇ.

ತಿಂಗಳ ಮೊದಲ ಶನಿವಾರ ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಉದ್ಯಮಿಗಳು ಇಲ್ಲಿ ಸೇರುತ್ತಾರೆ. ಚಪ್ಪಲಿ ಮಾಡಿಸುವವರು, ಕಬ್ಬಿನ ಯಂತ್ರದ ಬಿಡಿಭಾಗದವರು, ಒಣದ್ರಾಕ್ಷಿಯವರು. ಪರಿಚಯವಾಗಲಿ, ವ್ಯವಹಾರ ಕುದುರಲಿ ಎಂಬುದೇ ಉದ್ದೇಶ. ಕಸ ಗುಡಿಸಿ ಕುರ್ಚಿ ಹಾಕುವ ಜನಾಬಾಯಿ, ಚಹಾವನ್ನು ಮಾತ್ರ ತಮ್ಮದೇ ರೀತಿಯಲ್ಲಿ ಕೊಡುತ್ತಾರೆ. ಇಬ್ಬರಿಗೆ ಒಂದು. ಅರ್ಧ ಕಪ್ಪಿನಲ್ಲಿ, ಅರ್ಧ ಬಶಿಯಲ್ಲಿ.

"ತುಂಬಿದ ಬಶಿ ಹಿಡದಾವ ಎಲ್ಲಿ ಓಡ್ತಾನ್ರಿ? ಹೆಜ್ಜಿ ಇಟ್ರ ಅಂಗಿ ಮ್ಯಾಲ ಚಾ. ಎರಡೂ ಕೈ ಬೇಕು, ಫೋನು ಕಿಸೇದಾಗ ಉಳೀತೈತಿ. ಎದುರಿನಾವನ ಮಾರಿ ನೋಡಬೇಕು, ಮಾತಾಡಬೇಕು. ಬ್ಯಾರೆ ಹಾದಿನ ಇಲ್ಲ."

ಅಜ್ಜಿಯರ ಕತೆಗಳಲ್ಲಿ ಒಂದೇ ರೊಟ್ಟಿ ಹಂಚಿ ತಿಂದ ಮೇಲೆ ರಾಕ್ಷಸ ಕೂಡ ಬಡವನನ್ನು ಮುಟ್ಟುವುದಿಲ್ಲ. ಹಂಚಿ ಕುಡಿಯುವ ಈ ಚಹಾವೂ ಅಂಥದ್ದೇ ಇರಬೇಕು.

ಕಳೆದ ತಿಂಗಳು ಈ ಉದ್ಯಮಿಗಳ ಬಳಗದ ಹೊಸ ಕಾರ್ಯದರ್ಶಿ ರೂಪೇಶ, ಚಹಾ ಬೇಗ ಮುಗಿಯಲಿ ಎಂದು ಕಾಗದದ ಕಪ್ಪು ತರಿಸಿದರು. ಬೇಗ ಮುಗಿದದ್ದು ಸಭೆಯೇ. ಒಂದು ಕೈಯಲ್ಲಿ ಕಪ್ಪು, ಇನ್ನೊಂದರಲ್ಲಿ ಫೋನು ಹಿಡಿದು ಒಬ್ಬೊಬ್ಬರು ಒಂದೊಂದು ಗೋಡೆ ಹಿಡಿದರು. ಒಂಬತ್ತೂವರೆಗೆ ಭವನ ಖಾಲಿ. "ಇಷ್ಟಕ್ಕ ಇಷ್ಟು ದೂರ ಯಾಕ ಬರಬೇಕು? ಮನ್ಯಾಗ ಕುಂತು ಫೋನಿನ್ಯಾಗ ಸೇರೂಣು," ಎಂದರು ರೂಪೇಶ. ಹಾಗಾದರೆ ಜನಾಬಾಯಿಯ ಕೆಲಸವೂ ಮುಗಿದಂತೆಯೇ.

ಅವರು ಕೇಳಿದ್ದು ಒಂದೇ: "ಇನ್ನೊಂದು ಶನಿವಾರ ನನ್ನ ಕಪ್ಪು-ಬಶಿ ಇಡಾಕ ಬಿಡ್ರಿ. ಆಮ್ಯಾಲ ನೀವು ಹೇಳಿದಂಗ."

ತಮ್ಮ ಮೂವತ್ತೆರಡನೇ ವಯಸ್ಸಿಗೆ ಗಂಡ ತೀರಿಹೋದ ಮೇಲೆ ಜನಾಬಾಯಿ ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ, ಅಂದರೆ ಗೋದಾಮಿನಲ್ಲಿ, ದುಡಿದರು. ಕೆಮ್ಮು ಹತ್ತಿದಾಗ ಇಲ್ಲಿಗೆ ಬಂದರು. ಚಹಾದ ಅವರ ಮೊದಲ ನೆನಪು ಇನ್ನೂ ಹಳೆಯದು. "ಊರಾಗ ಚಾದಂಗಡ್ಯಾಗ ನಮ್ಮವ್ವನ ಕಪ್ಪು ಹೊರಗ ಇರ್ತಿತ್ತು. ಆಕಿನ ತೊಳಕೊಂಡು, ಆಕಿನ ಹಿಡೀಬೇಕು. ಒಳಗಿನಾವ ಮುಟ್ಟದಂಗ ಮ್ಯಾಲಿಂದ ಸುರೀತಿದ್ದ." ಅಷ್ಟು ಹೇಳಿ ಒಲೆಯ ಉರಿ ತಗ್ಗಿಸುತ್ತಾರೆ.

ಜನಾಬಾಯಿ ಕೇಳಿಕೊಂಡ ಆ ಶನಿವಾರವೇ ಇವತ್ತು. ಎಂಟು ಗಂಟೆ. ಒಣದ್ರಾಕ್ಷಿಯ ಕೋಲ್ಡ್ ಸ್ಟೋರೇಜ್ ನಡೆಸುವ ಶೇಡಬಾಳದ ಶ್ರೇಣಿಕರ ಕೈಗೆ ಬಶಿ ಬಂದಿದೆ. ಕಪ್ಪು ಹಿಡಿದವರು ನಿಪ್ಪಾಣಿಯಲ್ಲಿ ರಟ್ಟಿನ ಡಬ್ಬಿ ಮಾಡುವ ಬ್ರಾಹ್ಮಿ. ಇಬ್ಬರೂ ಎರಡು ವರ್ಷದಿಂದ ಒಂದೇ ವಾಟ್ಸ್ಯಾಪ್ ಗುಂಪಿನಲ್ಲಿದ್ದಾರೆ.

"ನಿಮ್ಮ ಮೆಸೇಜ್ ನೋಡೇನ್ರಿ ಅಕ್ಕಾರ."

"ನೋಡಿ ಸುಮ್ಮನ ಕುಂತ್ರ್ಯಾ?"

"ಗುಡ್ ಮಾರ್ನಿಂಗ್ ಹೂವಿನ ರಾಶ್ಯಾಗ ಎಲ್ಲೋ ಮುಚ್ಚಿಹೋತ್ರಿ."

"ಈಗ ಬಶಿ ನಿಮ್ಮ ಕೈಯಾಗ ಐತಿ, ಓಡಾಕ ಆಗೂದಿಲ್ಲ. ನನ್ನ ಡಬ್ಬಿ ಬಗ್ಗೆ ಕೇಳ್ರಿ."

ಶ್ರೇಣಿಕ ನಗುತ್ತಾರೆ, ಬಶಿ ಅಲುಗುತ್ತದೆ. ಅದು ಬರಿದಾಗುವ ಮೊದಲೇ, ಥಂಡಿಗೆ ಮೆತ್ತಗಾಗಿ ಒಡೆದ ತಮ್ಮ ಡಬ್ಬಿಗಳ ಕತೆ ಹೊರಬಿದ್ದಿದೆ. ಬ್ರಾಹ್ಮಿ ಮಾದರಿ ತರಲು ಕಾರಿನ ಕಡೆ ನಡೆದಿದ್ದಾರೆ.

ಹತ್ತೂವರೆಯಾದರೂ ಭವನ ತುಂಬಿಯೇ ಇದೆ. ಬಾಗಿಲಲ್ಲಿ ನಿಂತು ಎಲ್ಲ ನೋಡಿದ ರೂಪೇಶ ಅಡುಗೆಮನೆಗೆ ಬರುತ್ತಾರೆ.

"ಮಾವಶಿ, ಮುಂದಿನ ತಿಂಗಳಿಗೂ ಹಾಲು ಹೇಳಿಬಿಡ್ರಿ. ಇಲ್ಲೇ ಸೇರೂಣು." ಹೊರಡಲು ತಿರುಗಿದವರು ಮತ್ತೆ ಕೇಳುತ್ತಾರೆ, "ನಿಮಗೇನರ ಬೇಕೇನ್ರಿ?"

ಪಾತ್ರೆಯಲ್ಲಿ ಒಂದೇ ಒಂದು ಚಹಾ ಉಳಿದಿದೆ. ಹನ್ನೊಂದು ವರ್ಷ ಊರ ಮಂದಿಗೆಲ್ಲ ಜೊತೆ ಹುಡುಕಿಕೊಟ್ಟ ಜನಾಬಾಯಿಯ ಜೊತೆ ಯಾರೂ ಅರ್ಧ ಚಹಾ ಕುಡಿದಿಲ್ಲ.

"ಇದನ್ನ ನನ್ನ ಕೂಡ ಕುಡೀರಿ," ಎಂದು ಅರ್ಧ ಕಪ್ಪಿಗೆ, ಅರ್ಧ ಬಶಿಗೆ ಸುರಿಯುತ್ತಾರೆ.

ರೂಪೇಶ ಕಪ್ಪಿಗೆ ಕೈ ಚಾಚುತ್ತಾರೆ. ಜನಾಬಾಯಿ ಮೆಲ್ಲಗೆ ಬಶಿಯನ್ನು ಅವರತ್ತ ಸರಿಸುತ್ತಾರೆ.

"ಬಶಿ ನೀವು ಹಿಡೀರಿ ಸಾಹೇಬ್ರ. ಕಪ್ಪು ಇವತ್ತು ನನ್ನ ಕೈಯಾಗ ಇರಲಿ."