ಕರಡಿಗೆ ಮುಚ್ಚಿದ್ದ ಜಾಗ

ಎರಡು ಎಕ್ಸ್-ರೇ ತೆಗೆದಿದ್ದರೋ ಮೂರೋ, ನನಗೆ ಖಾತ್ರಿಯಿಲ್ಲ. ಮೂರು ಎಂದು ಹೇಳಿಕೊಂಡು ಬಂದಿದ್ದೇನೆ; ಹೇಳಿ ಹೇಳಿ ಅದೇ ನೆನಪಾಗಿ ಕೂತಿರಲೂಬಹುದು. ನಿಜಾಮರ ಕಾಲ. ಹೈದರಾಬಾದಿನ ಕಾಲೇಜಿನಿಂದ ರಜೆಗೆಂದು ಕಮಲಾಪುರಕ್ಕೆ ಬಂದಿದ್ದೆ. ಅಪ್ಪನ ಕೆಮ್ಮು ನಿಲ್ಲುತ್ತಿರಲಿಲ್ಲ. ಕ್ಷಯವೆಂದಾದರೆ ಅವರು ಮನೆ ಬಿಟ್ಟು ಬಾಳೆತೋಟದ ಗುಡಿಸಲಲ್ಲಿ ಇರಬೇಕೆಂದು ಅಜ್ಜಿ ತೀರ್ಮಾನಿಸಿದ್ದಳು. ಮಂಚ ಆಗಲೇ ಅಲ್ಲಿಗೆ ಹೋಗಿತ್ತು.

ಕಲಬುರಗಿಯಲ್ಲಿ ಡಾಕ್ಟರ್ ಸಾಹೇಬರು ಅಪ್ಪನ ಎದೆಯ ಫಿಲ್ಮನ್ನು ಬೆಳಕಿಗೆ ಹಿಡಿದರು. ಉಸಿರು ತುಂಬಿದ ಜಾಗ ಕಪ್ಪು, ಮಾಂಸ ಬೂದು, ಪಕ್ಕೆಲುಬು ಬಿಳಿ. ಎಡಗಡೆ ನಿಂಬೆಹಣ್ಣಿನ ಆಕಾರದ್ದೊಂದು ಎಲುಬಿಗಿಂತಲೂ ಬೆಳ್ಳಗಿತ್ತು. ಅದು ಅಪ್ಪನ ಕೊರಳಲ್ಲಿದ್ದ, ಇಷ್ಟಲಿಂಗವನ್ನಿಡುವ ಬೆಳ್ಳಿ ಕರಡಿಗೆ.

"ನಾ ನೋಡಬೇಕಾದ ಜಾಗಾನೇ ಮುಚ್ಯದ ಗೌಡ್ರ. ತೆಗೀರಿ ಅದನ್ನ," ಎಂದರು ಸಾಹೇಬರು.

"ಜೀವ ಇರೋತನಕ ಮೈಮ್ಯಾಲಿಂದ ತೆಗಿಯಂಗಿಲ್ರಿ. ಬೇಕಾದ್ರ ಸರಸ್ತೀನಿ."

ಸರಿಸಿದರು, ಬೆನ್ನಿಗೆ. ನನಗೂ ಅದು ಸರಿಯೆನಿಸಿತು. ನಾನು ವಿಜ್ಞಾನದ ವಿದ್ಯಾರ್ಥಿ. ಎರಡನೆಯ ಫಿಲ್ಮಿನಲ್ಲೂ ನಿಂಬೆಹಣ್ಣು ಹೆಚ್ಚುಕಡಿಮೆ ಅಲ್ಲೇ ಇತ್ತು.

"ಇದು ಫೋಟೋ ಅಲ್ರಿ ಗೌಡ್ರ. ಕಿರಣ ಆರಪಾರ ಹೋಗ್ತದ. ಹಿಂದಿಟ್ರೂ ಅಷ್ಟೇ, ಮುಂದಿಟ್ರೂ ಅಷ್ಟೇ." ಸಾಹೇಬರು ನನ್ನ ಕಡೆ ತಿರುಗಿದರು. "ಹೈದರಾಬಾದ್‌ನಾಗ ಏನ್ ಕಲಸ್ತಾರಪಾ ನಿಮಗ?"

"ಊಟ ಛಲೋ ಹಾಕ್ತಾರಂತ್ರಿ," ಎಂದರು ಅಪ್ಪ.

ಕೊನೆಗೆ ಅಪ್ಪ ಕರಡಿಗೆಯನ್ನು ನೆತ್ತಿಯ ಮೇಲಿಟ್ಟುಕೊಂಡು ರುಮಾಲು ಸುತ್ತಿದರು. ತಲೆಯೂ ಮೈಯೇ, ಲಿಂಗಕ್ಕೆ ಇನ್ನಷ್ಟು ಮೇಲಿನ ಸ್ಥಾನ.

ಮೂರನೆಯ ಫಿಲ್ಮಿನಲ್ಲಿ ಕರಡಿಗೆ ಇರಲಿಲ್ಲ. ಅದಿದ್ದ ಜಾಗದಲ್ಲಿ ಜೋಳದ ಕಾಳಿನಷ್ಟು ಬಿಳಿ ಚುಕ್ಕೆಯಿತ್ತು. ಅಪ್ಪ ಕೆಮ್ಮುವುದನ್ನೂ ಮರೆತರು.

"ಇದು ಕ್ಷಯದ ಹಳೇ ಗಾಯ," ಎಂದರು ಸಾಹೇಬರು. "ಯಾವಾಗೋ ಬಂದು, ತಾನೇ ಮಾಯ್ದು, ಸುಣ್ಣ ಕಟ್ಟೇದ. ಈಗಿಂದು ಬರೇ ಕೆಮ್ಮು. ಮನಿಗಿ ಹೋಗ್ರಿ."

ಮಂಚ ಮನೆಗೆ ವಾಪಸು ಬಂತು. ಸಾಹೇಬರು ಸಮಾಧಾನಕ್ಕೆ ಹಾಗೆ ಹೇಳಿದ್ದಿರಬೇಕು ಎಂಬ ಸಂಶಯ ನನ್ನನ್ನು ಬಹಳ ದಿನ ಬಿಡಲಿಲ್ಲ. ಅಪ್ಪನ ಪಕ್ಕದಲ್ಲಿ ಮಲಗುತ್ತಿದ್ದವನು ನಾನೇ. ಮುಂದೆ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ವೈದ್ಯಕೀಯ ಪುಸ್ತಕ ತೆರೆದು ನೋಡಿದೆ. ಕ್ಷಯದ ಗಾಯ ಮಾಗಿದಾಗ ಅದರಲ್ಲಿ ಸುಣ್ಣದ ಅಂಶ ಸೇರಿಕೊಳ್ಳುತ್ತದೆ. ಎಕ್ಸ್-ರೇಯಲ್ಲಿ ಅದು ಎಲುಬಿನ ಹಾಗೆಯೇ ಬೆಳ್ಳಗೆ ಕಾಣುತ್ತದೆ.